ಮಹಿಳಾ ಕಾಲೇಜಿನ ಬಾಗಿಲು
ನಮ್ಮ ಗುಲ್ವಾಡಿಯ ಹೆಸರನ್ನು ಕನ್ನಡ ಸಾಹಿತ್ಯದಲ್ಲಿ ಉಳಿಸಿದವರು ವೆಂಕಟರಾಯರು. ಅವರ ‘ಇಂದಿರಾಬಾಯಿ’ ಕಾದಂಬರಿಯನ್ನು 1899ರಲ್ಲಿ ಅಚ್ಚುಹಾಕಿದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. ಅದರ ಎಳೆಯ ವಿಧವೆ ಓದುತ್ತಾಳೆ, ಮರುಮದುವೆಯಾಗುತ್ತಾಳೆ. ವಿಧವೆ ಓದಿದರೆ ಕುಲ ಕೆಟ್ಟೀತೆಂದು ಹೆದರುತ್ತಿದ್ದ ಕಾಲವದು! ಹೆಣ್ಣಿಗೆ ಕಾಲೇಜೇಕೆ ಎನ್ನುತ್ತಿದ್ದಾಗಲೇ, 1921ರಲ್ಲಿ, ಕಾರ್ಮೆಲ್ ಭಗಿನಿಯರು ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದರು.

ಇಂದು ಮಹಿಳಾ ಕಾಲೇಜೊಂದರ ಬಾಗಿಲಿಗೆ, ಹುಟ್ಟಿದಾಗ ಗಂಡೆಂದು ಬರೆಸಲ್ಪಟ್ಟು ಹೆಣ್ಣಾಗಿ ಬಾಳುತ್ತಿರುವ ವಿದ್ಯಾರ್ಥಿನಿ ಬಂದರೆ, ‘ನಮ್ಮ ಮಗಳ ಪಕ್ಕದಲ್ಲಿ ಬೇಡ’ ಎನ್ನುವಿರಾ? ತಾಯ್ತಂದೆಯರ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಹುಡುಗರ ಸಾಲಿನಲ್ಲಿ ಕುಳಿತು ಗೇಲಿಗೂ ಪೆಟ್ಟಿಗೂ ಗುರಿಯಾಗುವವಳು ಅವಳೇ ಅಲ್ಲವೇ? ಸರ್ಕಾರದ ಮಾನ್ಯತೆಯುಳ್ಳ ವಿದ್ಯಾಸಂಸ್ಥೆಗಳಲ್ಲಿ ಇಂಥವರ ಬಗೆಗಿನ ತಾರತಮ್ಯವನ್ನು 2019ರ ಕಾಯಿದೆಯೇ ನಿಷೇಧಿಸಿತು. 2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಚಪ್ಪಾಳೆ ತಟ್ಟಿದ ನಾವು, ಅವರಂಥ ಹುಡುಗಿಗೆ ಪ್ರವೇಶದ ಅರ್ಜಿ ಕೊಡಲು ಹಿಂಜರಿಯುವುದೇಕೆ?