ಪರದೆಯ ಸೊಗಸು, ರೈತನ ಕಿಸೆ

ಕಳೆದ ವಾರ ನಾಗನೂರಿನ ರೈತರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಬಂದದ್ದು ಕಬ್ಬಿನ ಬಿಲ್ಲಿನ ಮಾತಿಗಲ್ಲ, ಕಾಲುವೆಯ ನೀರಿನ ಮಾತಿಗೂ ಅಲ್ಲ, ಕಂಪ್ಯೂಟರಿನ ಮಾತಿಗೆ. ಕಾಲೇಜಿಗೆ ಹೋಗುವ ಮಗಳಿಗಾಗಿ ಅವರು ಪೇಟೆಯ ಅಂಗಡಿಯೊಂದರಲ್ಲಿ ಹತ್ತು-ಹನ್ನೆರಡು ವರ್ಷ ಹಳೆಯದಾದ ಯಂತ್ರವೊಂದನ್ನು ಕೊಂಡಿದ್ದರು. ಮನೆಗೆ ತಂದು ಹಚ್ಚಿದರೆ ಕಿಟಕಿಗಳು ತಡೆತಡೆದು ಸರಿಯುತ್ತವೆ. ಪಕ್ಕದ ಮನೆಯ ಪರದೆಯಲ್ಲಿ ಕಾಣುವ ಗಾಜಿನಂಥ ಅಂಚು, ತೇಲಿ ಬಂದು ತೇಲಿ ಹೋಗುವ ಕಿಟಕಿ ಇದರಲ್ಲಿಲ್ಲ. ಕೇಳಿದ್ದಕ್ಕೆ, ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು, ಆರು ಸಾವಿರ ರೂಪಾಯಿ ಬೀಳುತ್ತದೆ ಎಂದು ಅಂಗಡಿಯವರು ಹೇಳಿದರಂತೆ. "ಕಾರ್ಡ್ ಹಾಕಸ್ಲಿಲ್ಲಂದ್ರ ಹುಡುಗಿ ಓದೂದು ನಿಂದ್ರತೈತೇನ್ರಿ?" ಎಂದು ಆ ರೈತರು ನಮ್ಮನ್ನು ಕೇಳಿದರು.

ನಾವು ಬಲ್ಲವರೊಬ್ಬರನ್ನು ಕಳಿಸಿ ಆ ಯಂತ್ರವನ್ನು ನೋಡಿಸಿದೆವು. ಗ್ರಾಫಿಕ್ಸಿನ ಚಿಪ್ಪು ಅದರ ಹೊಟ್ಟೆಯಲ್ಲಿಯೇ ಇತ್ತು. ಇರಲಿಲ್ಲವಾದದ್ದು ಅದಕ್ಕೆ ತಕ್ಕ ಡ್ರೈವರ್, ಅಂದರೆ ಚಿಪ್ಪಿಗೂ ವಿಂಡೋಸಿಗೂ ನಡುವೆ ದುಭಾಷಿಯಾಗಿ ನಿಲ್ಲುವ ತಂತ್ರಾಂಶ. ಡಿವೈಸ್ ಮ್ಯಾನೇಜರಿನಲ್ಲಿ ಚಿಪ್ಪಿನ ಹೆಸರು ಇರಬೇಕಾದ ಕಡೆ 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿತ್ತು. ಹಾಗಿದ್ದಾಗ ಚಿತ್ರದ ಕೆಲಸವನ್ನೆಲ್ಲ ಮುಖ್ಯ ಪ್ರೊಸೆಸರೇ ಹೊರಬೇಕಾಗುತ್ತದೆ; ಯಂತ್ರ ಏದುಸಿರು ಬಿಡುತ್ತದೆ. ಚಿಪ್ಪು ತಯಾರಿಸಿದ ಕಂಪನಿಯೇ ಪುಕ್ಕಟೆ ಕೊಡುವ ಡ್ರೈವರ್ ಹಾಕಿದ ಮೇಲೆ ಕಿಟಕಿಗಳು ಸರಾಗವಾಗಿ ಓಡಿದವು. ಖರ್ಚು ಅರ್ಧ ತಾಸು. ದುಡ್ಡು ಒಂದು ಪೈಸೆಯೂ ಇಲ್ಲ.

ಇದು ಒಬ್ಬ ರೈತರ ಕಥೆಯಾಗಿದ್ದರೆ ನಾವು ಇಲ್ಲಿ ಬರೆಯುತ್ತಿರಲಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಹಳ್ಳಿಗೆ ಕಂಪ್ಯೂಟರ್ ಬಂದಿದೆ. ಅದರೊಡನೆ 'ಇದು ಬೇಕು, ಅದು ಬೇಕು' ಎಂಬ ಪಟ್ಟಿಯೂ ಬಂದಿದೆ. ಯಾವುದು ಕೆಲಸಕ್ಕೆ ಬೇಕಾದದ್ದು, ಯಾವುದು ಅಲಂಕಾರಕ್ಕೆ ಬೇಕಾದದ್ದು ಎಂಬ ವಿಂಗಡಣೆ ಆ ಪಟ್ಟಿಯಲ್ಲಿ ಇರುವುದಿಲ್ಲ. ಆದ್ದರಿಂದ ಈ ಅಲಂಕಾರಕ್ಕೆ ನಿಜವಾಗಿ ಏನು ಬೇಕೆಂಬುದನ್ನು ವಾಚಕರು ಒಮ್ಮೆ ತಿಳಿದುಕೊಳ್ಳುವುದು ಒಳ್ಳೆಯದು.

ಪರದೆಯೆಂದರೆ ಚುಕ್ಕೆಗಳ ಹೊಲ. ಈಗ ಸಾಮಾನ್ಯವಾಗಿರುವ ಪರದೆಯಲ್ಲಿ ಅಡ್ಡ 1920, ಉದ್ದ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಚುಕ್ಕೆಯೊಂದಕ್ಕೆ 4 ಬೈಟ್ ಹಿಡಿದರೆ ಇಡೀ ಪರದೆಯ ಒಂದು ಚಿತ್ರಕ್ಕೆ ಸುಮಾರು 8 ಮೆಗಾಬೈಟ್ ನೆನಪು ಬೇಕು. ಹಿಂದೆ ಕಿಟಕಿಗಳೆಲ್ಲ ಒಂದೇ ಹಲಗೆಯ ಮೇಲೆ ಬರೆಯುತ್ತಿದ್ದವು. ಒಂದು ಸರಿದರೆ ಅದರ ಅಡಿಯಲ್ಲಿದ್ದದ್ದನ್ನು ಮತ್ತೆ ಬರೆಯಬೇಕಾಗುತ್ತಿತ್ತು. ಹೊಸ ಪದ್ಧತಿಯಲ್ಲಿ ಪ್ರತಿಯೊಂದು ಕಿಟಕಿಗೂ ಸ್ವಂತ ಹಲಗೆ. ಆ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ, ನೆರಳು ಕೊಟ್ಟು, ಬೇಕಾದಲ್ಲಿ ಗಾಜಿನಂತೆ ಮಸುಕು ಮಾಡಿ, ಸೆಕೆಂಡಿಗೆ 60 ಸಲ ಪರದೆಗೆ ಕಳಿಸಬೇಕು. ಪರದೆಯ ತುಂಬ ಹರಡಿದ ಹತ್ತು ಕಿಟಕಿ ತೆರೆದರೆ 80 ಮೆಗಾಬೈಟ್ ನೆನಪು ಹೋಯಿತು. ಪರದೆಯನ್ನು ಸೆಕೆಂಡಿಗೆ 60 ಸಲ ಬರೆಯುವುದಕ್ಕೇ ಸುಮಾರು 500 ಮೆಗಾಬೈಟ್ ಸಾಗಣೆ. ಚಿತ್ರಕ್ಕೆಂದೇ ಬೇರೆ ಚಿಪ್ಪು ಬೇಕಾಗುವುದು ಈ ಹೊರೆಗೆ.

ಬೇಕಾಗುವುದೇನೋ ಸರಿ, ಎಷ್ಟು ಬೇಕು? 2002ರಲ್ಲಿ ಆಪಲ್ ಕಂಪನಿ ತನ್ನ ಯಂತ್ರಗಳಲ್ಲಿ ಈ ಪದ್ಧತಿಯನ್ನು ಗ್ರಾಫಿಕ್ಸ್ ಚಿಪ್ಪಿಗೆ ವಹಿಸಿದಾಗ ಕೇಳಿದ್ದು 16 ಮೆಗಾಬೈಟ್ ಗ್ರಾಫಿಕ್ಸ್ ನೆನಪು. ವಿಂಡೋಸ್ ವಿಸ್ತಾ 2007ರ ಜನವರಿಯಲ್ಲಿ ಮಾರಾಟಕ್ಕೆ ಬಂತು. 'ಏರೋ' ಎಂಬ ಅದರ ಗಾಜಿನ ಸೊಗಸಿಗೆ ಸಾಮಾನ್ಯವಾಗಿ 128 ಮೆಗಾಬೈಟ್ ನೆನಪು, ಡೈರೆಕ್ಟ್ಎಕ್ಸ್ 9 ಬಲ್ಲ ಚಿಪ್ಪು, ಹೊಸ ಮಾದರಿಯ ಡ್ರೈವರ್ ಬೇಕೆಂದು ಸಾರಲಾಯಿತು. ಇಂದು ಪ್ರೊಸೆಸರಿನೊಳಗೇ ಸೇರಿ ಬರುವ ಸಾಧಾರಣ ಚಿಪ್ಪು ಕೂಡ ಇದಕ್ಕಿಂತ ಎಷ್ಟೋ ಮುಂದಿದೆ. ಹೀಗಿರಲು ಕಿಟಕಿಯ ಅಂಚು ಹೊಳೆಯಲೆಂದು ಬೇರೆ ಕಾರ್ಡ್ ಕೊಳ್ಳುವ ಅಗತ್ಯ ಬಹುಮಟ್ಟಿಗೆ ಯಾರಿಗೂ ಇಲ್ಲ.

ವಿಸ್ತಾದ ಕಾಲದಲ್ಲಿ ನಡೆದದ್ದನ್ನು ಇಲ್ಲಿ ನೆನಪಿಸಲೇಬೇಕು. ಅದು ಮಾರಾಟಕ್ಕೆ ಬರುವ ಮುನ್ನ, 2006ರಲ್ಲಿಯೇ, 'ವಿಸ್ತಾ ನಡೆಯಬಲ್ಲದು' ಎಂಬ ಚೀಟಿ ಅಂಟಿಸಿ ಕಂಪ್ಯೂಟರುಗಳನ್ನು ಮಾರಲಾಯಿತು. ಇಂಟೆಲ್ 915 ಎಂಬ ಚಿಪ್ಪಿನ ಯಂತ್ರಗಳಿಗೂ ಆ ಚೀಟಿ ಬಿತ್ತು. ಮನೆಗೆ ಒಯ್ದು ನೋಡಿದರೆ ವಿಸ್ತಾ ನಡೆಯುತ್ತಿತ್ತು, ಏರೋ ಇರಲಿಲ್ಲ. ಕೊಂಡವರು ಅಮೆರಿಕದ ಸಿಯಾಟಲ್ ನಗರದಲ್ಲಿ ಮೊಕದ್ದಮೆ ಹೂಡಿದರು. ಅಲ್ಲಿ ಹೊರಬಿದ್ದ ಪತ್ರಗಳಲ್ಲಿ, ಇಂಟೆಲ್ ಕಂಪನಿಯ ಮೂರು ತಿಂಗಳ ಗಳಿಕೆ ಕೆಡದಿರಲೆಂದು ನಿಯಮ ಸಡಿಲಿಸಲಾಯಿತು ಎಂದು ಮೈಕ್ರೋಸಾಫ್ಟಿನ ಅಧಿಕಾರಿಯೊಬ್ಬರೇ ಬರೆದದ್ದಿತ್ತು. ಇಂಟೆಲ್ ಆ ಮಾತನ್ನು ಒಪ್ಪಲಿಲ್ಲ. ಸಾಮೂಹಿಕ ಮೊಕದ್ದಮೆಯಾಗಿ ನಡೆಸಲು ಕೊಟ್ಟಿದ್ದ ಅನುಮತಿಯನ್ನು ನ್ಯಾಯಾಲಯ 2009ರಲ್ಲಿ ಹಿಂತೆಗೆದುಕೊಂಡಿತು. ಇತ್ತ 2006ರಲ್ಲಿಯೇ ಹೊರಬಂದ ಲಿನಕ್ಸಿನ 'ಕಂಪಿಜ್' ಎಂಬ ತಂತ್ರಾಂಶ ಅದೇ ವರ್ಗದ ಚಿಪ್ಪುಗಳ ಮೇಲೆ ಕಿಟಕಿಗಳನ್ನು ಕುಣಿಸಿತು, ಡೆಸ್ಕ್‌ಟಾಪನ್ನು ಘನಾಕೃತಿಯಂತೆ ತಿರುಗಿಸಿ ತೋರಿಸಿತು. ಅಂದಮೇಲೆ 'ಈ ಯಂತ್ರದಿಂದ ಆಗದು' ಎಂಬ ಮಾತಿನಲ್ಲಿ ಯಂತ್ರದ ಬಲ ಎಷ್ಟು, ಮಾರುವವರ ಲೆಕ್ಕ ಎಷ್ಟು ಎಂದು ಕೇಳುವ ಹಕ್ಕು ಕೊಳ್ಳುವವರಿಗೆ ಇದ್ದೇ ಇದೆ.

ಗ್ರಾಫಿಕ್ಸ್ ಕಾರ್ಡೇ ಬೇಡವೆಂದು ನಾವು ಹೇಳುತ್ತಿಲ್ಲ. ವಿಡಿಯೋ ಸಂಕಲನ ಮಾಡುವವರಿಗೆ, ಯಂತ್ರ ಭಾಗಗಳ ನಕ್ಷೆ ತೆಗೆಯುವವರಿಗೆ ಅದು ಬೇಕು. ಅವರಿಗೆ ಅದು ನೇಗಿಲು ಇದ್ದಂತೆ. ಆದರೆ ಅರ್ಜಿ ತುಂಬುವುದಕ್ಕೆ, ಪಾಠ ನೋಡುವುದಕ್ಕೆ, ಸಹಕಾರಿ ಸಂಘದ ಲೆಕ್ಕ ಬರೆಯುವುದಕ್ಕೆ ಬೇಡ. ಕನ್ನಡ ಬರೆಯುವುದಕ್ಕಂತೂ ಬೇಡವೇ ಬೇಡ. ನಮ್ಮ ಒತ್ತಕ್ಷರಗಳನ್ನು ಅವುಗಳ ಜಾಗದಲ್ಲಿ ಕೂಡಿಸುವುದು ಫಾಂಟು ಮತ್ತು ಅಕ್ಷರ ಜೋಡಿಸುವ ತಂತ್ರಾಂಶ. ಏರೋ ಹುಟ್ಟುವ ಮುನ್ನ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿಯೇ ಕನ್ನಡ ಮೂಡುತ್ತಿತ್ತು.

ಈಗ ಇನ್ನೊಂದು ಒತ್ತಾಯ ಬಂದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವುದು ಡೈರೆಕ್ಟ್ಎಕ್ಸ್ 12 ಬಲ್ಲ ಚಿಪ್ಪನ್ನಷ್ಟೇ ಅಲ್ಲ; ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆಯನ್ನೂ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯ ಅಥವಾ ಅನಂತರದ ಪ್ರೊಸೆಸರನ್ನೂ ಕೇಳುತ್ತದೆ. ನಾಗನೂರಿನ ಆ ಯಂತ್ರಕ್ಕೆ ಆರು ಸಾವಿರದ ಕಾರ್ಡ್ ಹಾಕಿಸಿದ್ದರೂ ವಿಂಡೋಸ್ 11ರ ಬಾಗಿಲು ತೆರೆಯುತ್ತಿರಲಿಲ್ಲ. ಹಾಗೆಂದು ಅದನ್ನು ಗುಜರಿಗೆ ಹಾಕಬೇಕೆ? ಬೇಡ. ಲಿನಕ್ಸಿನಲ್ಲಿ ಎಕ್ಸ್‌ಎಫ್‌ಸಿಇ, ಮಾಟೆ ಮುಂತಾದ ಹಗುರ ಡೆಸ್ಕ್‌ಟಾಪುಗಳಿವೆ. ಅವುಗಳಲ್ಲಿ ಅಲಂಕಾರವನ್ನು ಪೂರ್ತಿ ನಿಲ್ಲಿಸಬಹುದು. ಭದ್ರತೆಯ ತಿದ್ದುಪಡಿಗಳೂ ಬರುತ್ತಿರುತ್ತವೆ. ಇದು ಹೊಸ ಪ್ರಯೋಗವೇನಲ್ಲ. ಕೇರಳದ ಸರಕಾರಿ ಶಾಲೆಗಳು ಎಷ್ಟೋ ವರ್ಷಗಳಿಂದ ಮುಕ್ತ ತಂತ್ರಾಂಶದ ಮೇಲೆ ನಡೆದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಸಾಧ್ಯವಾದದ್ದು ಘಟಪ್ರಭೆಯ ದಂಡೆಯ ಮಕ್ಕಳಿಗೆ ಏಕೆ ಸಾಧ್ಯವಾಗಬಾರದು?

ಆದ್ದರಿಂದ ನಮ್ಮ ಒತ್ತಾಯಗಳು ಇವು. ಕಂಪ್ಯೂಟರ್ ಮಾರುವವರು ಅದರೊಳಗಿನ ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಚಿಪ್ಪು ಯಾವುದು, ನೆನಪು ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು ರಸೀದಿಯೊಡನೆ ಕೊಡಬೇಕು. ಶಾಲೆ, ಗ್ರಂಥಾಲಯ, ಪಂಚಾಯತಿಗಳಿಗೆ ಯಂತ್ರ ಕೊಳ್ಳುವಾಗ ಅಧಿಕಾರಿಗಳು ಮೊದಲು ಕೆಲಸ ಯಾವುದೆಂದು ಬರೆದು, ಆ ಮೇಲೆ ಯಂತ್ರದ ಗುಣ ಬರೆಯಬೇಕು. ಹಳೆಯ ಯಂತ್ರವನ್ನು ಹರಾಜಿಗೆ ಇಡುವ ಮುನ್ನ ಡ್ರೈವರ್ ಪರೀಕ್ಷಿಸಬೇಕು, ಲಿನಕ್ಸ್ ಹಾಕಿ ನೋಡಬೇಕು. ಇವಾವುವೂ ಬೊಕ್ಕಸಕ್ಕೆ ಭಾರವಲ್ಲ. ಮನಸ್ಸು ಬೇಕು, ಅಷ್ಟೇ.

ಹುಕ್ಕೇರಿಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಮನೆಗೆ, ಹೊಲದ ಪಂಪಿಗೆ ಕರೆಂಟು ಹಂಚುವ ಕೆಲಸವನ್ನು ಸದಸ್ಯರ ಸಂಘವೇ ಕೈಗೆತ್ತಿಕೊಂಡಿತು. ತಂತಿ ಎಳೆಯುವುದನ್ನೂ ಮೀಟರು ಓದುವುದನ್ನೂ ಕಲಿತ ಜನ ಡ್ರೈವರ್ ಹಾಕುವುದನ್ನು ಕಲಿಯಲಾರರೆ? ಊರಿಗೆ ಇಬ್ಬರು ಹುಡುಗರು, ಇಬ್ಬರು ಹುಡುಗಿಯರು ಕಲಿತರೆ ಸಾಕು, ಅಂಗಡಿಯ ಮಾತೇ ಕೊನೆಯ ಮಾತಾಗುವುದು ತಪ್ಪುತ್ತದೆ.

ನಾಗನೂರಿನ ಆ ರೈತರ ಆರು ಸಾವಿರ ಅವರ ಕಿಸೆಯಲ್ಲಿಯೇ ಉಳಿಯಿತು. ಮಗಳ ಪರೀಕ್ಷೆಯ ಫೀ, ಪುಸ್ತಕ ಅದರಲ್ಲಿ ಬರಬಹುದು. ಸೊಗಸು ಬೇಡವೆಂದು ನಾವು ಹೇಳುವುದಿಲ್ಲ; ಬಡವರ ಮನೆಯ ಪರದೆಯೂ ಚೆಂದ ಕಾಣಲಿ. ಆದರೆ ಆ ಚೆಂದಕ್ಕೆ ಎಷ್ಟು ಬೇಕೋ ಅಷ್ಟೇ ಕೊಡೋಣ. ಎಷ್ಟು ಬೇಕೆಂಬುದನ್ನು ಕೊಡುವ ಮುನ್ನ ಕೇಳಿ ತಿಳಿಯೋಣ.