ನೊಣಕ್ಕೆ ಕೈ ಬೀಸು, ಜೇನಿಗೆ ಸ್ಪ್ರೇ

ಅತ್ತಿಗುಪ್ಪೆ ಮೆಟ್ರೋ ಇಳಿದು ಬರುವಾಗ ಕಬ್ಬಿನ ಹಾಲಿನ ಗಾಡಿ ಮುಂದೆ ನಿಂತವರನ್ನ ಒಮ್ಮೆ ಗಮನಿಸಿ. ಗ್ಲಾಸಿನ ಅಂಚಿಗೆ ನೊಣ ಕೂತರೆ ಕೈಬೀಸಿ ಓಡಿಸಿ ಕುಡಿದು ಮುಗಿಸ್ತಾರೆ. ಅದೇ ಒಂದು ಜೇನುಹುಳ ಬಂದರೆ ಗ್ಲಾಸ್ ಅಲ್ಲೇ ಬಿಟ್ಟು ಎರಡು ಹೆಜ್ಜೆ ಹಿಂದಕ್ಕೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ.

ನೊಣಕ್ಕೆ ಕಾಲಲ್ಲೇ ರುಚಿ ಗೊತ್ತಾಗುತ್ತೆ. ಅದು ನಿಮ್ಮ ಗ್ಲಾಸಿನ ಮೇಲೆ ಓಡಾಡ್ತಿದೆ ಅಂದ್ರೆ ರುಚಿ ನೋಡ್ತಿದೆ ಅಂತಲೇ ಅರ್ಥ. ಅಗಿಯೋಕೆ ಹಲ್ಲಿಲ್ಲ, ಹಾಗಾಗಿ ಗಟ್ಟಿ ಪದಾರ್ಥ ಸಿಕ್ಕರೆ ಅದರ ಮೇಲೆ ಎಂಜಲು ಉಗಿದು, ಕರಗಿಸಿ, ಹೀರುತ್ತೆ. ಹೊಟ್ಟೆಯಲ್ಲಿದ್ದದ್ದನ್ನೂ ಸ್ವಲ್ಪ ವಾಪಸ್ ಹಾಕುತ್ತೆ. ಎರಡು ನಿಮಿಷದ ಹಿಂದೆ ಅದು ಎಲ್ಲಿ ಕೂತಿತ್ತು ಅಂತ ನಾನು ಹೇಳಬೇಕಾಗಿಲ್ಲ. ಮೊಟ್ಟೆ ಇಡೋದೂ ಸಗಣಿ, ಹಸಿ ಕಸದಲ್ಲೇ. ನಮ್ಮ ಬೇಸಿಗೆಯಲ್ಲಿ ಮೊಟ್ಟೆಯಿಂದ ಹಾರುವ ನೊಣ ಆಗೋಕೆ ಒಂದು ವಾರ, ಹತ್ತು ದಿನ ಸಾಕು.

ಹಾಗಂತ ಎಂಜಿನಿಯರ್ ಆಗಿ ನೊಣಕ್ಕೆ ಸಲಾಂ ಹೊಡೆಯದೆ ಇರೋಕಾಗಲ್ಲ. ಜೇನಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ಜೋಡಿ ಇರಬೇಕಾದ ಜಾಗದಲ್ಲಿ ಎರಡು ಪುಟ್ಟ ಗುಂಡುಸೂಜಿಯಂಥ ಕಡ್ಡಿಗಳಿವೆ. ಹಾರುವಾಗ ಅವೂ ರೆಕ್ಕೆಯ ಜೊತೆಗೇ ಬಡ್ಕೋತಾ, ಮೈ ಯಾವ ಕಡೆ ತಿರುಗ್ತಿದೆ ಅಂತ ಹೇಳ್ತವೆ. ನಿಮ್ಮ ಫೋನಿನ ಒಳಗಿರೋ ಜೈರೋಸ್ಕೋಪ್ ಕೆಲಸ ಮಾಡೋದೂ ಇದೇ ತತ್ವದಲ್ಲಿ. ರೆಕ್ಕೆ ಮತ್ತು ಕಡ್ಡಿ ಅಷ್ಟು ವೇಗದಲ್ಲೂ ತಾಳ ತಪ್ಪಲ್ಲ. ಅದು ಹೇಗೆ ಅನ್ನೋದನ್ನ 2015ರಲ್ಲಿ ಬಿಡಿಸಿ ತೋರಿಸಿದ್ದು ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನ ಸಂಜಯ್ ಸಾನೆ ಅವರ ತಂಡ. ಎದೆಯ ಗಟ್ಟಿ ಕವಚವೇ ಗೇರ್ ಥರ ಎರಡನ್ನೂ ಜೋಡಿಸಿದೆಯಂತೆ. ಚಪ್ಪಾಳೆ ತಟ್ಟಿ ನೊಣ ಹೊಡೆಯೋಕೆ ಹೋಗಿ ಬರೀ ಕೈ ನೋವು ಮಾಡ್ಕೊಂಡವರಿಗೆ ಇದು ಸ್ವಲ್ಪ ಸಮಾಧಾನ.

ಈಗ ಜೇನಿನ ವಿಷಯ. ಈ ತಿಂಗಳು ನಮ್ಮ ಅಪಾರ್ಟ್‌ಮೆಂಟ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬೇರೆ ಮಾತೇ ಇಲ್ಲ. ನಾಲ್ಕನೇ ಮಹಡಿಯ ಸಜ್ಜದ ಕೆಳಗೆ ಹೆಜ್ಜೇನು ಕಟ್ಟಿದೆ. ಕೆಳಗಿನ ಮನೆಯಲ್ಲಿ ಮೂರು ವರ್ಷದ ಮಗು. ಪೆಸ್ಟ್ ಕಂಟ್ರೋಲ್‌ನವರ ಕೊಟೇಷನ್ ಆಗಲೇ ಬಂದಿದೆ: ಸ್ಪ್ರೇ, ಅರ್ಧ ದಿನದ ಕೆಲಸ.

ಗಾಡಿಯ ಹತ್ತಿರ ಬರೋ ಜೇನಿಗೂ ಗೂಡಿನ ಮೇಲಿರೋ ಜೇನಿಗೂ ಜಾತಿ ಒಂದೇ ಇರಬಹುದು, ಆದರೆ ಆ ಹೊತ್ತಿನ ಡ್ಯೂಟಿ ಬೇರೆ. ಗಾಡಿಗೆ ಬಂದದ್ದು ಸಿಹಿ ಹುಡುಕಿಕೊಂಡು ಬಂದ ಕೆಲಸಗಾರ್ತಿ. ಕಾಪಾಡೋಕೆ ಅಲ್ಲಿ ಅದಕ್ಕೆ ಏನೂ ಇಲ್ಲ. ಕೈಯಡಿ ಸಿಕ್ಕಿಸಿ ಒತ್ತಿದರೆ ಮಾತ್ರ ಕುಟುಕುತ್ತೆ. ಗೂಡಿನಲ್ಲಿ ಹಾಗಲ್ಲ. ತುಡುವೆ ಜೇನು ಪೊಟರೆಯೊಳಗೆ ಅಡಗಿ ಕೂತರೆ, ಹೆಜ್ಜೇನಿನದ್ದು ಬಯಲಲ್ಲಿ ನೇತಾಡೋ ಒಂದೇ ಒಂದು ಮೇಣದ ಎರಿ. ಅದಕ್ಕೆ ಬಾಗಿಲಿಲ್ಲ, ಗೋಡೆಯಿಲ್ಲ. ಹುಳಗಳೇ ಪದರ ಪದರವಾಗಿ ಮುಚ್ಚಿಕೊಂಡು ಗೋಡೆ ಆಗಿರ್ತವೆ. ಕಣಜ ಹತ್ತಿರ ಬಂದರೆ ಸಾಲಾಗಿ ಹಿಂಭಾಗ ಎತ್ತಿ ಇಳಿಸ್ತವೆ, ಕ್ರಿಕೆಟ್ ಸ್ಟೇಡಿಯಂನಲ್ಲಿ ಜನ ಎದ್ದು ಕೂತು ಅಲೆ ಎಬ್ಬಿಸೋ ಥರ. ಬಾಲ್ಕನಿಯಿಂದ ಕಪ್ಪಗೆ ಮಿಂಚಿ ಹೋಗೋದು ಕಂಡರೆ ಅದೇ ಇದು. ದೂರ ಇರು ಅನ್ನೋ ನೋಟಿಸ್.

ನೋಟಿಸ್ ಓದದೆ ಕಲ್ಲು ಹೊಡೆದರೆ, ಹೊಗೆ ಹಾಕಿದರೆ, ಸ್ಪ್ರೇ ಮಾಡಿದರೆ ಆಗೋದು ಪ್ರಾಣಕ್ಕೇ ಅಪಾಯ. ಕುಟುಕಿದ ಕಡೆಯಿಂದ ಬಾಳೆಹಣ್ಣಿನಂಥ ವಾಸನೆ ಹೊರಡುತ್ತೆ, ಉಳಿದವಕ್ಕೆ ಅದೇ ಅಲಾರಂ. ಹಾಗಾಗಿ ಒಂದು ಕುಟುಕಿದರೆ ನಿಂತು ಕೈ ಬೀಸಬೇಡಿ. ಮುಖ ಮುಚ್ಚಿಕೊಂಡು ಓಡಿ, ಒಳಗೆ ಹೋಗಿ ಬಾಗಿಲು ಹಾಕಿ. ಮುಳ್ಳನ್ನ ಉಗುರಿನಲ್ಲೋ ಎಟಿಎಂ ಕಾರ್ಡಿನಲ್ಲೋ ಬೇಗ ಕೆರೆದು ತೆಗೀರಿ. ಉಸಿರು ಕಟ್ಟಿದರೆ, ಮುಖ ಊದಿದರೆ, ತಲೆ ಸುತ್ತಿದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆ.

ಸ್ಪ್ರೇಗೆ ನನ್ನ ವಿರೋಧ ಬರೀ ಕರುಣೆಯದ್ದಲ್ಲ. ಹಗಲಲ್ಲಿ ಹೊಡೆದರೆ ಹೂವಿಗೆ ಹೋದ ಸಾವಿರಾರು ಹುಳ ವಾಪಸ್ ಬಂದು ಗೂಡಿಲ್ಲದೆ ಅಲ್ಲೇ ಸುತ್ತುತ್ತವೆ, ಅದೂ ಸಿಟ್ಟಿನಲ್ಲಿ. ಮತ್ತೆ ಹೆಜ್ಜೇನು ನಮ್ಮ ಬಿಲ್ಡಿಂಗಿಗೆ ಬಾಡಿಗೆದಾರ ಇದ್ದ ಹಾಗೆ. ಹೂವಿನ ಕಾಲ ಮುಗಿದರೆ ಎರಿ ಖಾಲಿ ಮಾಡಿ ವಲಸೆ ಹೋಗುತ್ತೆ, ನೂರಾರು ಕಿಲೋಮೀಟರ್ ಬೇಕಾದರೂ. ಎಷ್ಟೋ ಸಲ ಮುಂದಿನ ಸೀಸನ್‌ಗೆ ಅದೇ ಜಾಗ ಹುಡುಕಿಕೊಂಡು ಬರುತ್ತೆ ಅನ್ನೋದೂ ನಿಜ, ಅದನ್ನ ಮುಚ್ಚಿಟ್ಟರೆ ಅನ್ಯಾಯ.

ಇವುಗಳ ಭಾಷೆಯನ್ನೂ ಬೆಂಗಳೂರಿನಲ್ಲೇ ಅಳೆದಿದ್ದಾರೆ. ಹೂವು ಎಷ್ಟು ದೂರ ಅಂತ ಜೇನು ಮೈ ಕುಲುಕಿಸಿ ಕುಣಿದು ಹೇಳುತ್ತೆ. ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಎನ್‌ಸಿಬಿಎಸ್‌ನ ಆಕ್ಸೆಲ್ ಬ್ರಾಕ್‌ಮನ್ ತಂಡ ನಮ್ಮ ಹೆಜ್ಜೇನು, ತುಡುವೆ, ಕೋಲು ಜೇನುಗಳನ್ನ ಹೋಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದೂರ ಹೋಗೋ ಹೆಜ್ಜೇನಿನ ಒಂದು ಸೆಕೆಂಡಿನ ಕುಣಿತ, ಹತ್ತಿರದಲ್ಲೇ ಸುತ್ತೋ ತುಡುವೆಯದ್ದಕ್ಕಿಂತ ಹೆಚ್ಚು ದೂರ ಸೂಚಿಸುತ್ತೆ. ಹುಬ್ಬಳ್ಳಿ ಕನ್ನಡ, ಮಂಗಳೂರು ಕನ್ನಡ ಇದ್ದ ಹಾಗೆ ಅನ್ಕೊಳ್ಳಿ.

ಭಾನುವಾರದ ಮೀಟಿಂಗಿನಲ್ಲಿ ಕೊನೆಗೆ ಇಷ್ಟು ತೀರ್ಮಾನ ಆಯ್ತು: ಕೆಳಗಿನ ಮನೆಯ ಬಾಲ್ಕನಿ, ಕಿಟಕಿಗೆ ಸೊಳ್ಳೆ ಪರದೆ, ಖರ್ಚು ಅಸೋಸಿಯೇಷನ್‌ದು. ಕಾರಿಡಾರ್ ಲೈಟ್ ರಾತ್ರಿ ಆಫ್, ಯಾಕಂದ್ರೆ ಹೆಜ್ಜೇನು ಬೆಳಕಿಗೆ ಬರುತ್ತೆ. ಆ ಕಡೆ ಪಟಾಕಿ, ಹೊಗೆ ಇಲ್ಲ. ಎರಡು ತಿಂಗಳು ಕಾಯೋದು. ಹೋದ ಮೇಲೆ ಖಾಲಿ ಎರಿ ಕಿತ್ತು, ಸಜ್ಜದ ಕೆಳಗೆ ಜಾಲರಿ. ಮೂರನೇ ಮಹಡಿಯ ಅಂಕಲ್ ಇನ್ನೂ ಒಪ್ಪಿಲ್ಲ. "ನಿಮ್ಮನೇಲಿ ಮಗು ಇದ್ದಿದ್ರೆ ಹೀಗೆ ಮಾತಾಡ್ತಿದ್ರಾ?" ಅಂದ್ರು. ನ್ಯಾಯವಾದ ಪ್ರಶ್ನೆ. ಮಗುವಿನ ಅಮ್ಮನೇ "ಪರದೆ ಮೊದಲು ಹಾಕ್ಸಿ, ಆಮೇಲೆ ನೋಡೋಣ" ಅಂದಿದ್ದರಿಂದ ಮಾತು ನಿಂತಿತು.

ಪಾರ್ಕಿಂಗ್ ಮೂಲೆಯ ಹಸಿ ಕಸದ ಡ್ರಮ್ಮಿಗೆ ಮುಚ್ಚಳ ಹೋಗಿ ಎಷ್ಟು ದಿನ ಆಯ್ತು ಅಂತಲೂ ಅದೇ ಮೀಟಿಂಗಿನಲ್ಲಿ ಕೇಳಿದೆ. ಅದಕ್ಕೆ ಯಾರೂ ಕೊಟೇಷನ್ ತರಿಸಿರಲಿಲ್ಲ.