ದಮ್ಮು ವಯಸ್ಸಿನದಲ್ಲ, ಹೊಗೆಯದು

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಒಲೆ ಮುಂದೆ ನಿಂತವನಿಗೆ ಬಸ್ಸು ಹತ್ತುವಷ್ಟರಲ್ಲಿ ದಮ್ಮು ಬಂದರೆ, ‘ವಯಸ್ಸಾಯ್ತು ಬಿಡ್ರಿ’ ಅನ್ನೋದು ರೂಢಿ. ಬೀಡಿ ಮುಟ್ಟದ ಹೆಂಗಸರೂ ಕೆಮ್ಮುತ್ತಾರಲ್ಲ, ಅದಕ್ಕೇನಂತಾರೆ? ಸೌದೆ ಒಲೆಯ ಹೊಗೆಯೇನು ಸಾಧುವೇ?

ಡಾಕ್ಟರು ಇದನ್ನು ಸಿಓಪಿಡಿ ಎನ್ನುತ್ತಾರೆ. ಶ್ವಾಸನಾಳ ಊದಿ ಕಿರಿದಾಗುತ್ತದೆ, ಗಾಳಿಚೀಲಗಳು ಹಾಳಾಗುತ್ತವೆ; ಒಳಹೋದ ಗಾಳಿ ಸಲೀಸಾಗಿ ಹೊರಬರೋದಿಲ್ಲ. ಕೆಟ್ಟದ್ದು ಮತ್ತೆ ಸರಿಯಾಗದು, ನಿಜ. ಆದರೆ ಬೀಡಿ ಬಿಟ್ಟು, ಹೊಗೆಯಿಂದ ದೂರವಾದರೆ ರೋಗದ ಓಟ ನಿಧಾನವಾಗುತ್ತದೆ. ದಮ್ಮು ಹೆಚ್ಚಾದಾಗಲೆಲ್ಲ ಇಂಜೆಕ್ಷನ್ ಚುಚ್ಚಿಸಿಕೊಂಡು ಅಂಗಡಿಗೆ ಮರಳುವುದು ಚಿಕಿತ್ಸೆಯಲ್ಲ. ಇನ್‌ಹೇಲರ್ ಅಂದರೆ ‘ಚಟ ಹತ್ತುತ್ತೆ’ ಎಂದು ಹೆದರೋರು ಬೀಡಿಗೆ ಮಾತ್ರ ಹೆದರೋದಿಲ್ಲ! ಇನ್‌ಹೇಲರಿನ ಔಷಧಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಚಟ ಹತ್ತಿಸೋದಿಲ್ಲ.

ಪತ್ತೆಗೆ ಎಕ್ಸ್‌ರೇ ಸಾಲದು, ಸ್ಪೈರೋಮೀಟರ್ ಬೇಕು. ಉಸಿರು ತುಂಬಿಕೊಂಡು ಜೋರಾಗಿ ಊದಬೇಕು. ಊದಿದ ಗಾಳಿಯಲ್ಲಿ ಶೇ. 70ರಷ್ಟೂ ಮೊದಲ ಸೆಕೆಂಡಿಗೆ ಹೊರಬರದಿದ್ದರೆ, ಔಷಧಿ ಎಳೆದುಕೊಂಡ ಮೇಲೂ ಹಾಗೇ ಇದ್ದರೆ, ನಾಳ ಕಿರಿದಾಗಿದೆ ಅಂತ ಲೆಕ್ಕ. ಈ ಯಂತ್ರ ಜಿಲ್ಲೆಯ ಎಷ್ಟು ತಾಲ್ಲೂಕು ಆಸ್ಪತ್ರೆಗಳಲ್ಲಿದೆ, ಊದಿಸಲು ಬಲ್ಲವರು ಎಷ್ಟು ಮಂದಿ, ಯಾವ ವಾರ ಬರಬೇಕು? ಆರೋಗ್ಯ ಇಲಾಖೆ ಬಸ್ ಸ್ಟ್ಯಾಂಡಿನಲ್ಲೇ ಬೋರ್ಡು ಬರೆಸಿ ಹಾಕಲಿ.